ಕೆಂಪು ಕಮರಿಗಳಿಗೆ ಹೇಗೆ ಹೋಗೋದು? ಗೈಡ್ ಇರುವ ಹೈಕಿಂಗ್ ಗುಂಪು, ಬಸ್ ಟೂರ್, ಸ್ವಂತ ಕಾರು – ಒಂದು ಹೋಲಿಕೆ

"ಅಕ್ಟೋಬರ್‌ನಲ್ಲಿ ಒಂದು ವಾರ ರಜೆ ಇದೆ. ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರನ್ನೂ ನೋಡಬೇಕು. ಗೈಡ್ ಇರುವ ಹೈಕಿಂಗ್ ಟೂರ್‌ಗೆ ನಾಲ್ಕು ಸಾವಿರ ಡಾಲರ್ ಕೇಳ್ತಾರೆ. ಬಸ್ ಟೂರ್ ಆರುನೂರಕ್ಕೆ ಸಿಗುತ್ತೆ. ಸುಮ್ನೆ ಕಾರ್ ಬಾಡಿಗೆಗೆ ತಗೊಂಡು ಹೋಗಿಬಿಡೋಣ್ವಾ?" ಗೆಳೆಯರು, ನೆಂಟರು, ಊರಿಂದ ಮಗಳ ಮನೆಗೆ ಬಂದಿರುವ ಅಂಕಲ್-ಆಂಟಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಅಮೆರಿಕದ ಯೂಟಾ, ಅರಿಝೋನಾ ರಾಜ್ಯಗಳಲ್ಲಿರುವ ಕೆಂಪು ಕಲ್ಲಿನ ಕಮರಿಗಳ ನ್ಯಾಷನಲ್ ಪಾರ್ಕ್‌ಗಳು ಇವು.

ಮೂರೂ ರೀತಿಯಲ್ಲಿ ನಾನು ಹೋಗಿ ಬಂದಿದ್ದೇನೆ. ಅಪ್ಪ ಅಮ್ಮನ ಜೊತೆ ಬಸ್ಸಿನಲ್ಲಿ, ಗುರುತಿಲ್ಲದ ಹತ್ತು ಜನರ ಜೊತೆ ಗೈಡ್ ಹಿಂದೆ, ಆಮೇಲೆ ಮಕ್ಕಳನ್ನು ಕರೆದುಕೊಂಡು ಸ್ವಂತ ಕಾರಿನಲ್ಲಿ. ಬರೀ ಬೆಲೆ ನೋಡಿ ಆರಿಸಬಾರದು ಅಂತ ಮೊದಲ ಸಲವೇ ಗೊತ್ತಾಯಿತು. ಈ ಕಮರಿಗಳನ್ನು ಅಂಚಿನಲ್ಲಿ ನಿಂತು ನೋಡುವ ಖುಷಿ ಬೇರೆ, ಒಳಗೆ ಇಳಿದು ನಡೆಯುವ ಖುಷಿ ಬೇರೆ. ನಿಮಗೆ ಯಾವುದು ಬೇಕು ಅಂತ ಮೊದಲು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಉಳಿದ ಲೆಕ್ಕವೆಲ್ಲ ಅದರ ಹಿಂದೆಯೇ ಬರುತ್ತದೆ.

ಯಾವುದನ್ನು ಇಟ್ಟುಕೊಂಡು ಅಳೆಯೋದು?

ಮೊದಲನೆಯದು, ದಿನಕ್ಕೆ ಎಷ್ಟು ಗಂಟೆ ಕಾಲ ಮೇಲೆ ಇರುತ್ತೀರಿ. ಟೂರ್‌ನ ಹಾಳೆಯಲ್ಲಿ ಪಾರ್ಕ್‌ಗಳ ಹೆಸರು ದೊಡ್ಡದಾಗಿ ಇರುತ್ತದೆ. ನಡೆಯುವ ಗಂಟೆ ಎಷ್ಟು, ಗಾಡಿಯಲ್ಲಿ ಕೂರುವ ಗಂಟೆ ಎಷ್ಟು ಅಂತ ಇರುವುದಿಲ್ಲ. ಅದನ್ನು ನೀವೇ ಕೇಳಬೇಕು. ಲಾಸ್ ವೇಗಸ್‌ನಿಂದ ಜಯಾನ್‌ಗೆ ಸುಮಾರು 160 ಮೈಲಿ. ಜಯಾನ್‌ನಿಂದ ಬ್ರೈಸ್‌ಗೆ ಎರಡು ಗಂಟೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಿಂದ ವಾಪಸ್ ವೇಗಸ್‌ಗೆ ನಾಲ್ಕೂವರೆ ಗಂಟೆ. ಮೂರು ದಿನದಲ್ಲಿ ಇದೆಲ್ಲ ತೋರಿಸುತ್ತೇವೆ ಅಂದರೆ ನಡಿಗೆಗೆ ಉಳಿಯುವ ಹೊತ್ತು ಎಷ್ಟು ಅಂತ ಲೆಕ್ಕ ಹಾಕಿ.

ಎರಡನೆಯದು, ನಿಮ್ಮಲ್ಲಿ ಎಲ್ಲರಿಗಿಂತ ನಿಧಾನ ಯಾರು. ಮಂಡಿನೋವು ಇರುವ ಅಮ್ಮನಾ, ಏಳು ವರ್ಷದ ಮಗನಾ? ಅವರಿಗೆ ಹೊಂದುವುದನ್ನೇ ಆರಿಸಬೇಕು. ನಮ್ಮ ಕಡೆ ಬೆಟ್ಟ ಹತ್ತಿ ಅಭ್ಯಾಸ ಇರುವವರು ಇಲ್ಲಿ ಒಂದು ಕಡೆ ಎಡವುತ್ತಾರೆ. ಕುಮಾರ ಪರ್ವತದಲ್ಲಿ ಸುಸ್ತಾದರೆ ಅರ್ಧದಲ್ಲೇ ತಿರುಗಿ ಇಳಿದುಬಿಡಬಹುದು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಎಲ್ಲ ಉಲ್ಟಾ. ಬೆಳಗಿನ ತಂಪಿನಲ್ಲಿ, ಹೊಸ ಹುರುಪಿನಲ್ಲಿ ಸಲೀಸಾಗಿ ಇಳಿಯುತ್ತೀರಿ. ಕಾಲು ಸೋತ ಮೇಲೆ, ಬಿಸಿಲು ಏರಿದ ಮೇಲೆ ಹತ್ತಬೇಕು. ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಇಟ್ಟುಕೊಳ್ಳಿ ಅಂತ ಪಾರ್ಕ್‌ನವರೇ ಹೇಳುತ್ತಾರೆ. ಒಂದೇ ದಿನದಲ್ಲಿ ತಳದ ಕೊಲರಾಡೋ ನದಿವರೆಗೆ ಇಳಿದು ಹತ್ತಿ ಬರುವ ಸಾಹಸ ಬೇಡ ಅನ್ನುವುದೂ ಅವರದೇ ಎಚ್ಚರಿಕೆ.

ಎತ್ತರವನ್ನೂ ಮರೀಬೇಡಿ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಬ್ರೈಸ್‌ನಲ್ಲಿ ಕಾರ್ ನಿಲ್ಲಿಸುವ ಜಾಗವೇ 2,400 ಮೀಟರ್ ಆಸುಪಾಸಿನಲ್ಲಿದೆ. ಅಮ್ಮ ಅಲ್ಲಿ ಇಪ್ಪತ್ತು ಹೆಜ್ಜೆ ಹತ್ತಿ ಏದುಸಿರು ಬಿಟ್ಟಾಗ ನಾವೆಲ್ಲ ಗಾಬರಿಯಾಗಿದ್ದೆವು. ಅದು ಎತ್ತರದ ಗಾಳಿ, ಅಷ್ಟೇ. ಒಂದು ರಾತ್ರಿ ಅಲ್ಲೇ ಉಳಿದಿದ್ದರೆ ಮರುದಿನ ಅವರಿಗೆ ಸಲೀಸಾಗುತ್ತಿತ್ತು. ನಮ್ಮ ಬಸ್ಸು ಒಂದೂವರೆ ಗಂಟೆಯಲ್ಲಿ ಹೊರಟುಬಿಟ್ಟಿತು.

ಮೂರನೆಯದು ತಿಂಗಳು. ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡಿಗೆಗೆ ಒಳ್ಳೆಯ ಕಾಲ. ಆದರೂ ಏಪ್ರಿಲ್‌ನಲ್ಲಿ ಬ್ರೈಸ್‌ನಲ್ಲಿ ಹಿಮ ಇರಬಹುದು. ಬೇಸಿಗೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ತಳ ಅಂಚಿಗಿಂತ ಸುಮಾರು 11 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಕಾಯುತ್ತದೆ. 40 ದಾಟುವುದು ಮಾಮೂಲು. ಜುಲೈಯಿಂದ ಸೆಪ್ಟೆಂಬರ್ ಅಲ್ಲಿಯ ಮುಂಗಾರು. ಇಕ್ಕಟ್ಟಾದ ಕಮರಿಗಳಲ್ಲಿ ದಿಢೀರ್ ಪ್ರವಾಹ ಬರುವ ಕಾಲ ಅದೇ. ತಲೆ ಮೇಲೆ ಆಕಾಶ ನೀಲಿಯಾಗಿಯೇ ಇರುತ್ತದೆ. ಮಳೆ ಎಲ್ಲೋ ದೂರದಲ್ಲಿ ಬಿದ್ದಿರುತ್ತದೆ. 1997ರ ಆಗಸ್ಟ್‌ನಲ್ಲಿ ಅರಿಝೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಹೀಗೇ ತೀರಿಕೊಂಡರು. 2015ರ ಸೆಪ್ಟೆಂಬರ್‌ನಲ್ಲಿ ಜಯಾನ್‌ನ ಕೀಹೋಲ್ ಕ್ಯಾನ್ಯನ್‌ನಲ್ಲಿ ಏಳು ಜನ. ಹೆದರಿಸಲು ಹೇಳುತ್ತಿಲ್ಲ. ಗೈಡ್‌ಗೆ ಕೊಡುವ ದುಡ್ಡಿನಲ್ಲಿ ಏನು ಸಿಗುತ್ತದೆ ಅಂತ ಅಳೆಯುವಾಗ ಇದು ಲೆಕ್ಕಕ್ಕೆ ಬರಬೇಕು.

ಆಮೇಲೆ ಊಟ, ಶೌಚಾಲಯ, ಮಲಗುವ ಜಾಗ. ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಇಡೀ ವಾರದ ಖುಷಿ ಇದರ ಮೇಲೆ ನಿಂತಿರುತ್ತದೆ.

ಪೂರ್ವವಾ, ಪಶ್ಚಿಮವಾ?

ಟೂರ್ ಆರಿಸುವ ಮೊದಲು ಇದನ್ನು ತೀರ್ಮಾನಿಸಿ. ಪಶ್ಚಿಮದ ಸುತ್ತು ಅಂದರೆ ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್. ವೇಗಸ್‌ಗೆ ವಿಮಾನ. ಪೂರ್ವದ ಸುತ್ತು ಅಂದರೆ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಬೇಕಿದ್ದರೆ ಕ್ಯಾಪಿಟಲ್ ರೀಫ್. ಮೋಅಬ್ ಊರಿನಲ್ಲಿ ತಂಗಬೇಕು. ಸಾಲ್ಟ್ ಲೇಕ್ ಸಿಟಿಯಿಂದ ಅಲ್ಲಿಗೆ ಸುಮಾರು ನಾಲ್ಕು ಗಂಟೆ ಡ್ರೈವ್.

ಆರೂ ಪಾರ್ಕ್ ಒಂದೇ ವಾರದಲ್ಲಿ ಅನ್ನುವ ಟೂರ್‌ಗಳಿವೆ. ದಯವಿಟ್ಟು ಬೇಡ. ಮೊದಲ ಸಲ ಹೋಗುವವರಿಗೆ ಪಶ್ಚಿಮ ಸಾಕು. ಚಿಕ್ಕ ಮಕ್ಕಳಿದ್ದರೆ ಮಾತ್ರ ಪೂರ್ವ ವಾಸಿ ಅನ್ನುತ್ತೇನೆ, ಯಾಕೆಂದರೆ ಆರ್ಚಸ್ ಪಾರ್ಕ್ ಮೋಅಬ್‌ನಿಂದ ಐದೇ ಮೈಲಿ, ಮತ್ತು ಅಲ್ಲಿ ಅರ್ಧ ಗಂಟೆ ನಡೆದರೂ ಏನಾದರೊಂದು ಕಲ್ಲಿನ ಕಮಾನು ಸಿಗುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಕಮಾನುಗಳಿರುವ ಪಾರ್ಕ್ ಅದು. ಮೇಸಾ ಆರ್ಚ್ ಎಂಬ ಕಮಾನಿನ ಹತ್ತಿರ ಸೂರ್ಯೋದಯ ನೋಡಲು ಕ್ಯಾನ್ಯನ್‌ಲ್ಯಾಂಡ್ಸ್‌ನಲ್ಲಿ ಅರ್ಧ ಮೈಲಿಯೂ ನಡೆಯಬೇಕಿಲ್ಲ. ಕ್ಯಾಪಿಟಲ್ ರೀಫ್‌ನ ಫ್ರೂಟಾದಲ್ಲಿ ಹಳೆಯ ಹಣ್ಣಿನ ತೋಟಗಳಿವೆ, ಹಣ್ಣಿನ ಕಾಲದಲ್ಲಿ ಕಿತ್ತುಕೊಳ್ಳಲು ಬಿಡುತ್ತಾರೆ. ನನ್ನ ಮಗಳಿಗೆ ಇಡೀ ಪ್ರವಾಸದಲ್ಲಿ ನೆನಪಿರೋದು ಅದೊಂದೇ.

ಬಸ್ ಟೂರ್

ಸುಲಭ, ಅಗ್ಗ. ಲಗೇಜಿನ ಚಿಂತೆ ಇಲ್ಲ, ಡ್ರೈವಿಂಗ್ ಇಲ್ಲ, ಹೋಟೆಲ್ ಹುಡುಕಬೇಕಿಲ್ಲ. ಹೆಚ್ಚು ನಡೆಯಲಾಗದ ಹಿರಿಯರಿಗೆ, ಎರಡು ಮೂರು ದಿನ ಮಾತ್ರ ಇರುವವರಿಗೆ ಇದು ಪರವಾಗಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ನಿಂತರೂ ಸಾಕು, ಎದೆ ತುಂಬುತ್ತದೆ. ಅಪ್ಪ ಅಲ್ಲಿ ಹತ್ತು ನಿಮಿಷ ಮಾತೇ ಆಡಲಿಲ್ಲ.

ಆದರೆ ನಡೆಯುವ ಆಸೆ ಇದ್ದರೆ ಬಸ್ಸು ನಿಮಗಲ್ಲ. ಬ್ರೈಸ್‌ನಲ್ಲಿ ಕ್ವೀನ್ಸ್ ಗಾರ್ಡನ್ ಮತ್ತು ನವಾಹೋ ಲೂಪ್ ಎಂಬ ಎರಡು ನಡಿಗೆ ದಾರಿ ಸೇರಿಸಿದರೆ ಸುಮಾರು ಮೂರು ಮೈಲಿ, ಎರಡರಿಂದ ಮೂರು ಗಂಟೆ. ಕಲ್ಲಿನ ಕಂಬಗಳ ನಡುವೆ ಇಳಿದು ಅವುಗಳ ಬುಡದಿಂದ ತಲೆಯೆತ್ತಿ ನೋಡುವುದೇ ಬ್ರೈಸ್‌ನ ಸೊಗಸು. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ, ಹಗಲು ಕರಗಿ, ಕಲ್ಲನ್ನು ಸ್ವಲ್ಪ ಸ್ವಲ್ಪವೇ ಸೀಳುತ್ತಾ ಮಾಡಿದ ಕಂಬಗಳು ಅವು. ನಮ್ಮ ಬಸ್ಸು ಕೊಟ್ಟ ಹೊತ್ತಿನಲ್ಲಿ ಅರ್ಧ ಇಳಿದು ಓಡಿ ವಾಪಸ್ ಬಂದೆ. ಆ ಬೇಸರ ಎರಡು ವರ್ಷ ನನ್ನ ಜೊತೆ ಇತ್ತು.

ಗೈಡ್ ಇರುವ ಹೈಕಿಂಗ್ ಗುಂಪು: ಇದರಲ್ಲೂ ಮೂರು ಬಗೆ

ಹೋಟೆಲ್‌ನಲ್ಲಿ ಉಳಿಸುವ ಟೂರ್ ಒಂದು. ಬ್ಯಾಕ್‌ರೋಡ್ಸ್ ತರಹದ ಕಂಪನಿಗಳು ನಡೆಸುವುದು ಇದನ್ನು. ಬೆಳಗ್ಗೆ ವ್ಯಾನ್‌ನಲ್ಲಿ ಕರೆದೊಯ್ದು ನಾಲ್ಕೈದು ಗಂಟೆ ನಡೆಸಿ, ಸಂಜೆ ಒಳ್ಳೆಯ ಹೋಟೆಲ್‌ಗೆ ತಂದು ಬಿಡುತ್ತಾರೆ. ಬಹಳಷ್ಟು ಟೂರ್‌ಗಳಲ್ಲಿ ದಿನಕ್ಕೆ ಎರಡು ದಾರಿ ಇರುತ್ತವೆ, ಒಂದು ಗಿಡ್ಡ, ಒಂದು ಉದ್ದ. ಗಂಡನಿಗೆ ಎಂಟು ಮೈಲಿ ಬೇಕು, ಹೆಂಡತಿಗೆ ಮೂರು ಸಾಕು ಅನ್ನುವ ಜೋಡಿಗೆ ಇದು ಹೇಳಿ ಮಾಡಿಸಿದ್ದು. ಬೆಲೆ ಮಾತ್ರ ಜೋರು: ದಿನಕ್ಕೆ ತಲೆಗೆ ಸುಮಾರು 500ರಿಂದ 900 ಡಾಲರ್. ಒಬ್ಬರೇ ಹೋದರೆ ಪ್ರತ್ಯೇಕ ರೂಮಿಗೆ ಇನ್ನೂ ಸೇರುತ್ತದೆ. ಐವತ್ತು ದಾಟಿದವರು ರೋಡ್ ಸ್ಕಾಲರ್ ಕಡೆಯೂ ನೋಡಿ. 1975ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ, ಲಾಭಕ್ಕಾಗಿ ನಡೆಸದ ಸಂಸ್ಥೆ ಅದು. ಹಿರಿಯರಿಗಾಗಿಯೇ ಟೂರ್ ಮಾಡುತ್ತದೆ, ಕಷ್ಟ ಎಷ್ಟು ಅಂತ ಮೊದಲೇ ತಿಳಿಸುತ್ತದೆ.

ಎರಡನೆಯದು ಟೆಂಟ್ ಟೂರ್. ನಾನು ಹೋಗಿದ್ದು ಇದರಲ್ಲಿ. ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್, ಗೈಡೇ ಅಡುಗೆಯವರು, ಎಲ್ಲರೂ ಸೇರಿ ಪಾತ್ರೆ ತೊಳೆಯೋದು. ದಿನಕ್ಕೆ ಸುಮಾರು 250ರಿಂದ 400 ಡಾಲರ್. ದಿನದ ಚೀಲ ಮಾತ್ರ ಬೆನ್ನಿಗೆ, ಉಳಿದದ್ದು ವ್ಯಾನ್‌ನಲ್ಲಿ. ಸ್ನಾನ ದಿನಾ ಸಿಗುವುದಿಲ್ಲ. ರಾತ್ರಿ ನಡುಗುವಷ್ಟು ಚಳಿ. ಆದರೆ ಬೆಳಗ್ಗೆ ಆರಕ್ಕೆ ನೀವು ಪಾರ್ಕ್ ಒಳಗೇ ಇರುತ್ತೀರಿ. ಊರಿನಿಂದ ಬರುವ ಕಾರುಗಳು ಗೇಟಿನಲ್ಲಿ ಸಾಲುಗಟ್ಟುವ ಹೊತ್ತಿಗೆ ನಿಮ್ಮ ಅರ್ಧ ನಡಿಗೆ ಮುಗಿದಿರುತ್ತದೆ. ನನಗೆ ಇದೊಂದಕ್ಕೇ ದುಡ್ಡು ಕೊಟ್ಟರೂ ಸರಿ ಅನ್ನಿಸಿತು.

ಮೂರನೆಯದು ಬೆನ್ನ ಮೇಲೆ ಎಲ್ಲ ಹೊತ್ತು ಗ್ರ್ಯಾಂಡ್ ಕ್ಯಾನ್ಯನ್‌ನ ತಳಕ್ಕೆ ಇಳಿದು ಅಲ್ಲೇ ಎರಡು ಮೂರು ರಾತ್ರಿ ಕಳೆಯುವುದು. ಗ್ರ್ಯಾಂಡ್ ಕ್ಯಾನ್ಯನ್ ಕನ್ಸರ್ವೆನ್ಸಿಯ ಫೀಲ್ಡ್ ಇನ್‌ಸ್ಟಿಟ್ಯೂಟ್, ವೈಲ್ಡ್‌ಲ್ಯಾಂಡ್ ಟ್ರೆಕ್ಕಿಂಗ್ ಇಂಥವನ್ನು ನಡೆಸುತ್ತವೆ. ಸೌತ್ ಕೈಬಾಬ್ ದಾರಿಯಲ್ಲಿ ಇಳಿದು ಬ್ರೈಟ್ ಏಂಜಲ್‌ನಲ್ಲಿ ಹತ್ತಿದರೆ ಹದಿನಾರು ಮೈಲಿಗೂ ಜಾಸ್ತಿ. ತಳದಲ್ಲಿ ಟೆಂಟ್ ಹಾಕಿ ಮಲಗಲು ಪರ್ಮಿಟ್ ಬೇಕು. ಅದನ್ನು ಅವರೇ ಹಿಡಿದಿಟ್ಟಿರುವುದು ದೊಡ್ಡ ಅನುಕೂಲ. ಆರು ತಿಂಗಳ ತಯಾರಿ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಗೈಡ್‌ನಿಂದ ನಿಜವಾಗಿ ಏನು ಸಿಕ್ಕಿತು ಅಂತ ಕೇಳಿದರೆ ಎರಡು ಘಟನೆ ಹೇಳುತ್ತೇನೆ. ಮೂರನೇ ದಿನ ಒಂದು ಇಕ್ಕಟ್ಟು ಕಮರಿಗೆ ಹೋಗಬೇಕಿತ್ತು. ಬೆಳಗ್ಗೆ ಗೈಡ್ ಹವಾಮಾನ ನೋಡಿ, ಮೇಲ್ಭಾಗದಲ್ಲಿ ಗುಡುಗು ಮಳೆಯ ಸೂಚನೆ ಇದೆ, ಇವತ್ತು ಬೇರೆ ದಾರಿ ಅಂದುಬಿಟ್ಟಳು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಗುಂಪಿನಲ್ಲಿ ಗೊಣಗಾಟ ಶುರುವಾಯಿತು, ನನ್ನದೂ ಸೇರಿ. ಅವಳು ಜಗ್ಗಲಿಲ್ಲ. ಸಂಜೆವರೆಗೆ ನಮಗೆ ಒಂದು ಹನಿ ಕಾಣಲಿಲ್ಲ. ಮರುದಿನ ದಾರಿಯಲ್ಲಿ, ಒಣಗಿದ ಹಳ್ಳವೊಂದು ರಸ್ತೆಯ ಮೇಲೆ ಕೆಂಪು ಕೆಸರು ಬಿಟ್ಟು ಹೋಗಿತ್ತು. ನಾನೊಬ್ಬಳೇ ಇದ್ದಿದ್ದರೆ ಆ ನೀಲಿ ಆಕಾಶ ನೋಡಿ ಖಂಡಿತ ಒಳಗೆ ಹೋಗುತ್ತಿದ್ದೆ.

ಇನ್ನೊಂದು ಉಪ್ಪಿನ ವಿಷಯ. ಅಲ್ಲಿಯ ಗಾಳಿ ಎಷ್ಟು ಒಣ ಅಂದರೆ ಬೆವರಿದ್ದೇ ಗೊತ್ತಾಗುವುದಿಲ್ಲ, ಹುಟ್ಟಿದಲ್ಲೇ ಆರಿಹೋಗುತ್ತದೆ. ನಾನು ಹೆದರಿ ನೀರು ಕುಡಿಯುತ್ತಲೇ ಇದ್ದೆ. ತಲೆನೋವು, ಹೊಟ್ಟೆ ತೊಳೆಸು. ಬರೀ ನೀರು ಕುಡಿದು ಉಪ್ಪು ತಿನ್ನದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದೂ ಅಪಾಯವೇ ಅಂತ ಹೇಳಿ, ಅವಳು ಪ್ರತಿ ನಿಲುಗಡೆಯಲ್ಲೂ ಏನಾದರೂ ಉಪ್ಪಿನದು ತಿನ್ನಿಸಿದಳು. ನನ್ನ ಚೀಲದಲ್ಲಿದ್ದ ಅಮ್ಮನ ಕೋಡುಬಳೆ ಅವತ್ತು ಔಷಧಿಯಾಯಿತು. ಇಡೀ ಗುಂಪಿಗೆ ಹಂಚಿದೆ, ಎರಡು ದಿನಕ್ಕೆ ಖಾಲಿ.

ಇದರ ಇನ್ನೊಂದು ಮುಖವೂ ಇದೆ. ಗುಂಪು ಅಂದರೆ ಗುಂಪಿನ ವೇಗ. ನಿಮಗೆ ಒಂದು ಬಂಡೆಯ ಮೇಲೆ ಒಂದು ಗಂಟೆ ಸುಮ್ಮನೆ ಕೂರಬೇಕು ಅನ್ನಿಸಿದರೆ ಆಗುವುದಿಲ್ಲ. ಸಸ್ಯಾಹಾರ ಅಂದರೆ ಮೂರು ದಿನವೂ ಒಂದೇ ಬೀನ್ಸ್ ಸುತ್ತಿದ ರೊಟ್ಟಿ ಸಿಕ್ಕೀತು. ಮೊಟ್ಟೆ ಕೂಡ ತಿನ್ನುವುದಿಲ್ಲ ಅಂತ ಬುಕ್ ಮಾಡುವಾಗಲೇ ಬಿಡಿಸಿ ಬರೆಯಿರಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಗ್ಗರಣೆ ಅವಲಕ್ಕಿ ಜೊತೆಗಿರಲಿ. ಇನ್ನು ಚಿಕ್ಕ ಮಕ್ಕಳನ್ನು ಬಹಳಷ್ಟು ಗುಂಪುಗಳು ಸೇರಿಸಿಕೊಳ್ಳುವುದೇ ಇಲ್ಲ.

ದುಡ್ಡು ಕಟ್ಟುವ ಮೊದಲು ಕಂಪನಿಗೆ ಕೆಲವು ಪ್ರಶ್ನೆ ಕೇಳಿ. ಆ ಪಾರ್ಕ್ ಒಳಗೆ ವ್ಯಾಪಾರಿ ಟೂರ್ ನಡೆಸಲು ಅಧಿಕೃತ ಅನುಮತಿ ಇದೆಯಾ? ಗೈಡ್‌ಗೆ ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ (ಆಸ್ಪತ್ರೆ ದೂರವಿರುವ ಕಾಡುಮೇಡಿನಲ್ಲಿ ಪ್ರಥಮ ಚಿಕಿತ್ಸೆ ಕೊಡುವ) ತರಬೇತಿ ಆಗಿದೆಯಾ? ಗುಂಪಿನಲ್ಲಿ ಎಷ್ಟು ಜನ, ಗೈಡ್ ಎಷ್ಟು? ಒಬ್ಬರಿಗೆ ಅರ್ಧದಲ್ಲಿ ಆಗಲ್ಲ ಅಂದರೆ ಯಾರು ವಾಪಸ್ ಕರೆತರುತ್ತಾರೆ? ಈ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ನಾನಾದರೆ ಅಲ್ಲಿಗೇ ಬಿಡುತ್ತೇನೆ. ಒಬ್ಬನೇ ಗೈಡ್, ಹನ್ನೆರಡು ಜನ ಅಂದರೆ ಒಬ್ಬರ ಕಾಲು ಉಳುಕಿದರೂ ಎಲ್ಲರ ದಿನ ಅಲ್ಲಿಗೆ ಮುಗಿಯಿತು.

ಏಂಜಲ್ಸ್ ಲ್ಯಾಂಡಿಂಗ್ ಹತ್ತಿಸುತ್ತೇವೆ ಅಂತ ಗ್ಯಾರಂಟಿ ಕೊಟ್ಟರೆ ಹೇಗೆ ಅಂತ ಕೇಳಿ. ಸರಪಳಿ ಹಿಡಿದು ಹತ್ತುವ ಜಯಾನ್‌ನ ಆ ದಾರಿಗೆ 2022ರ ಏಪ್ರಿಲ್‌ನಿಂದ ಲಾಟರಿಯಲ್ಲಿ ಪರ್ಮಿಟ್ ತೆಗೆಯಬೇಕು. ಹಗ್ಗ ಹಿಡಿದು ಇಕ್ಕಟ್ಟು ಕಮರಿ ಇಳಿಯುವ ಗೈಡೆಡ್ ಟ್ರಿಪ್‌ಗಳೂ ಜಯಾನ್ ಪಾರ್ಕ್ ಹೊರಗಿನ ಕಮರಿಗಳಲ್ಲೇ ನಡೆಯುತ್ತವೆ.

ಸ್ವಂತ ಕಾರು, ಬೇಕಾದಲ್ಲಿ ಒಂದು ದಿನದ ಗೈಡ್

ನಾಲ್ಕು ಜನರ ಕುಟುಂಬಕ್ಕೆ ನನ್ನ ಮೊದಲ ಸಲಹೆ ಇದೇ. ಕಾರು, ಪೆಟ್ರೋಲು, ಮೋಟೆಲ್ ನಾಲ್ಕು ಜನಕ್ಕೆ ಹಂಚಿಹೋಗುತ್ತದೆ. ಮಕ್ಕಳು ಸುಸ್ತಾದರೆ ನಿಲ್ಲಬಹುದು. ರೂಮಿನಲ್ಲಿ ಪುಟ್ಟ ಕುಕ್ಕರ್ ಇಟ್ಟು ಅನ್ನ ಮಾಡಿಕೊಳ್ಳಬಹುದು. ಜಯಾನ್‌ನ ರಿವರ್‌ಸೈಡ್ ವಾಕ್ ಹೋಗಿಬರಲು ಎರಡು ಮೈಲಿ ಚಿಲ್ಲರೆ, ಸಿಮೆಂಟ್ ದಾರಿ, ಅಜ್ಜಿ ಮೊಮ್ಮಗ ಇಬ್ಬರೂ ನಡೆದಾರು. ಅದು ಮುಗಿಯುವಲ್ಲೇ ನ್ಯಾರೋಸ್ ಶುರು. ನದಿಯ ನೀರಲ್ಲೇ ನಡೆಯುವ ದಾರಿ ಅದು. ಕೆಳಗಿನಿಂದ ಬಿಗ್ ಸ್ಪ್ರಿಂಗ್ ಎಂಬ ಜಾಗದವರೆಗೆ ಪರ್ಮಿಟ್ ಬೇಡ. ಶೂ, ಕೋಲು ಸ್ಪ್ರಿಂಗ್‌ಡೇಲ್ ಊರಿನಲ್ಲಿ ಬಾಡಿಗೆಗೆ ಸಿಗುತ್ತವೆ. ವಸಂತದಲ್ಲಿ ಹಿಮ ಕರಗಿ ನೀರು ಜಾಸ್ತಿಯಾದರೆ ಮುಚ್ಚಿರುತ್ತಾರೆ, ಮೊದಲೇ ನೋಡಿಕೊಳ್ಳಿ.

ಇಲ್ಲಿ ಎಲ್ಲ ತಲೆಬಿಸಿಯೂ ನಿಮ್ಮದೇ. ಸೀಸನ್‌ನಲ್ಲಿ ಜಯಾನ್ ಕಣಿವೆಯೊಳಗೆ ನಿಮ್ಮ ಕಾರು ಬಿಡುವುದಿಲ್ಲ, ಶಟಲ್ ಬಸ್ ಹಿಡಿಯಬೇಕು. ಮೊಬೈಲ್ ಸಿಗ್ನಲ್ ಮೈಲಿಗಟ್ಟಲೆ ಇರುವುದಿಲ್ಲ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಗಡಿಯಾರವೂ ಆಟವಾಡಿಸುತ್ತದೆ: ಬೇಸಿಗೆ ಸಮಯದಲ್ಲಿ ಯೂಟಾಗಿಂತ ಅರಿಝೋನಾ ಒಂದು ಗಂಟೆ ಹಿಂದೆ, ಅದೇ ಅರಿಝೋನಾದೊಳಗಿನ ನವಾಹೋ ನೇಷನ್‌ನಲ್ಲಿ (ನವಾಹೋ ಮೂಲನಿವಾಸಿಗಳದೇ ಆಡಳಿತ ಇರುವ ಪ್ರದೇಶ) ಮಾತ್ರ ಯೂಟಾದ ಸಮಯ. ಆಂಟಿಲೋಪ್ ಕ್ಯಾನ್ಯನ್‌ಗೆ ಟಿಕೆಟ್ ತೆಗೆದವರು ಯಾವ ಗಡಿಯಾರದ ಪ್ರಕಾರ ಅಂತ ಖಚಿತ ಮಾಡಿಕೊಳ್ಳಿ. ಅಂದಹಾಗೆ ಅಲ್ಲಿ ನವಾಹೋ ಗೈಡ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ, ನೀವು ಹೇಗೆ ಹೋದರೂ ಸರಿ.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಗೈಡ್ ಇಲ್ಲದೆ ಇಳಿಯುವವರಿಗೆ: ಸೌತ್ ಕೈಬಾಬ್‌ನಲ್ಲಿ ಊ ಆ ಪಾಯಿಂಟ್‌ವರೆಗೆ ಹೋಗಿಬರಲು ಎರಡು ಮೈಲಿಗೆ ಸ್ವಲ್ಪ ಕಡಿಮೆ. ಮೊದಲ ಸಲಕ್ಕೆ ಅಷ್ಟು ಸಾಕು. ಆ ದಾರಿಯಲ್ಲಿ ಕುಡಿಯುವ ನೀರು ಇಲ್ಲ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 4ರ ನಡುವೆ ಏರುದಾರಿಯಲ್ಲಿ ಇರಲೇಬೇಡಿ.

ಊರಿಂದ ಬಂದವರ ಪ್ರವೇಶ ಶುಲ್ಕ

ಇದು ಹೊಸದು, ಬಹಳ ಜನಕ್ಕೆ ಗೊತ್ತಿಲ್ಲ. 2026ರ ಜನವರಿಯಿಂದ ಅಮೆರಿಕದಲ್ಲಿ ವಾಸವಿಲ್ಲದ, 16 ವರ್ಷ ತುಂಬಿದವರು 11 ಪಾರ್ಕ್‌ಗಳಲ್ಲಿ ಮಾಮೂಲಿ ಶುಲ್ಕದ ಮೇಲೆ ತಲೆಗೆ 100 ಡಾಲರ್ ಕಟ್ಟಬೇಕು. ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ. ಆರ್ಚಸ್ ಇಲ್ಲ. ಹೊರದೇಶದಿಂದ ಬಂದವರಿಗೆ ವರ್ಷದ ಪಾಸ್ 250 ಡಾಲರ್. ಅಮೆರಿಕದ ನಿವಾಸಿಗಳಿಗೆ 80. ಪಾಸ್ ಇಲ್ಲದೆ ಅಪ್ಪ ಅಮ್ಮ ಇಬ್ಬರನ್ನು ಮೂರು ಪಾರ್ಕ್‌ಗೆ ಕರೆದೊಯ್ದರೆ ಹೆಚ್ಚುವರಿ ಶುಲ್ಕವೇ 600 ಆಯಿತು. ಟೂರ್ ಬುಕ್ ಮಾಡುವವರು ಇದು ಬೆಲೆಯಲ್ಲಿ ಸೇರಿದೆಯಾ, ಪಾಸ್ ಇದ್ದರೆ ನಡೆಯುತ್ತದಾ ಅಂತ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಹೊರಡುವ ಮುಂಚೆ ಪಾರ್ಕ್ ಸರ್ವಿಸ್‌ನ ತಾಣದಲ್ಲಿ ಶುಲ್ಕ ಇನ್ನೊಮ್ಮೆ ನೋಡಿ. ಗೈಡ್‌ಗೆ ಟಿಪ್ಸ್, ಹಿರಿಯರಿಗೆ ಪ್ರಯಾಣ ವಿಮೆ, ಇವನ್ನೂ ಲೆಕ್ಕಕ್ಕೆ ಸೇರಿಸಿ.

ನಿಮಗೆ ಯಾವುದು?

ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ, ಟ್ರೆಕ್ಕಿಂಗ್ ಇಷ್ಟ ಆದರೆ ಮರುಭೂಮಿ ಹೊಸದು ಅನ್ನುವವರಿಗೆ ಟೆಂಟ್ ಟೂರ್. ಇಬ್ಬರೇ ಇದ್ದು, ವಯಸ್ಸು ಐವತ್ತರ ಮೇಲೆ, ಕೈಯಲ್ಲಿ ದುಡ್ಡಿದ್ದರೆ ಹೋಟೆಲ್ ಟೂರ್. ಆದರೆ ಎಂಟು ದಿನಕ್ಕಿಂತ ಕಡಿಮೆ ಇದ್ದರೆ ಎರಡೇ ಪಾರ್ಕ್ ಇರುವುದನ್ನು ಆರಿಸಿ. ಮಕ್ಕಳಿರುವ ಮನೆಗೆ ಸ್ವಂತ ಕಾರು. ದುಡ್ಡು ಕಡಿಮೆ, ನಡಿಗೆ ಬೇಕು ಅನ್ನುವ ವಿದ್ಯಾರ್ಥಿಗಳು ನಾಲ್ಕು ಜನ ಸೇರಿ ಕಾರು ಮಾಡಿ, ಉಳಿದ ದುಡ್ಡಿನಲ್ಲಿ ಒಂದು ದಿನಕ್ಕೆ ಗೈಡ್ ಹಿಡಿಯಿರಿ. ರೇಂಜರ್‌ಗಳು ಉಚಿತವಾಗಿ ನಡೆಸುವ ನಡಿಗೆಗಳೂ ಇರುತ್ತವೆ, ವಿಸಿಟರ್ ಸೆಂಟರ್‌ನಲ್ಲಿ ವಿಚಾರಿಸಿ. ಸಾಹಸಕ್ಕಿಂತ ಅಪ್ಪ ಅಮ್ಮನಿಗೆ ಒಮ್ಮೆ ತೋರಿಸಬೇಕು ಅನ್ನುವುದೇ ಮುಖ್ಯ ಆದರೆ ಬಸ್ಸೂ ಆದೀತು, ಕಾರಿದ್ದರೆ ಇನ್ನೂ ಒಳ್ಳೇದು.

ಬರುವ ಅಕ್ಟೋಬರ್‌ಗೆ ಅಪ್ಪ ಅಮ್ಮ ಮತ್ತೆ ಬರುತ್ತಿದ್ದಾರೆ. ಈ ಸಲ ಕಾರು. ಬ್ರೈಸ್‌ನಲ್ಲಿ ಎರಡು ರಾತ್ರಿ ಈಗಲೇ ಬುಕ್ ಮಾಡಿದ್ದೇನೆ. ಮೊದಲ ದಿನ ಅಂಚಿನಲ್ಲಿ ಸುಮ್ಮನೆ ಓಡಾಟ. ಎರಡನೇ ದಿನ ಬೆಳಗ್ಗೆ ಅಪ್ಪನನ್ನು ಅಮ್ಮನ ಜೊತೆ ಸನ್‌ರೈಸ್ ಪಾಯಿಂಟ್‌ನ ಬೆಂಚಿನ ಮೇಲೆ ಕೂರಿಸಿ, ಫ್ಲಾಸ್ಕಿನಲ್ಲಿ ಕಾಫಿ ಕೊಟ್ಟು, ನಾನು ಕ್ವೀನ್ಸ್ ಗಾರ್ಡನ್‌ಗೆ ಇಳಿಯುತ್ತೇನೆ. ಅಮ್ಮನಿಗೆ ಉಸಿರು ಸರಿಯಿದ್ದರೆ ಮೊದಲ ತಿರುವಿನವರೆಗೆ ಅವರೂ ಬರುತ್ತಾರಂತೆ.